ಆಟದ ಪೆಟ್ಟಿಗೆಗೆ ದುಡ್ಡು ಹಾಕುವ ಮುನ್ನ

ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಓದುತ್ತಿರುವ ನನ್ನ ಅಕ್ಕನ ಮಗ, ಮೆಸ್ಸಿಗೆಂದು ಕಳಿಸಿದ್ದ ದುಡ್ಡಿನಲ್ಲಿ 900 ರೂಪಾಯಿಯನ್ನು ಮೊಬೈಲ್ ಆಟವೊಂದರ ಲಕ್ಕಿ ಪೆಟ್ಟಿಗೆಗಳಿಗೆ (ಒಳಗೇನಿದೆ ಎಂದು ಗೊತ್ತಾಗದೆಯೇ ದುಡ್ಡು ಕೊಟ್ಟು ತೆರೆಯುವ ಪೆಟ್ಟಿಗೆಗಳು) ಸುರಿದು, ಬೇಕಾಗಿದ್ದ ಬಂದೂಕಿನ ಸ್ಕಿನ್ (ಆಟದೊಳಗಿನ ಬಂದೂಕಿಗೆ ತೊಡಿಸುವ ಬಣ್ಣ-ವಿನ್ಯಾಸ) ಒಂದನ್ನು ಬಿಟ್ಟು ಉಳಿದೆಲ್ಲವನ್ನೂ ಪಡೆದ. ಅವನನ್ನು ಎದುರಿಗೆ ಕೂರಿಸಿಕೊಂಡು ಲೆಕ್ಕ ಹಾಕಿದೆ. ಸಿಗುವ ಸಾಧ್ಯತೆ ಶೇ 1 ಎಂದಿದ್ದರೆ ನೂರು ಪೆಟ್ಟಿಗೆ ತೆರೆದವನಿಗೆ ಅದು ಸಿಕ್ಕೇ ಸಿಗುತ್ತದೆ ಎಂದರ್ಥವಲ್ಲ; ಪ್ರತಿ ಪೆಟ್ಟಿಗೆಯೂ ಹೊಸ ಪಾಳಿಯೇ ಆಗಿದ್ದರೆ, ಹಾಗೆ ತೆರೆದ ನೂರು ಜನರಲ್ಲಿ ಸುಮಾರು 37 ಮಂದಿ ಬರಿಗೈಯಲ್ಲೇ ಉಳಿಯುತ್ತಾರೆ. (ಸಿದ್ಧಾರೂಢರ ಜಾತ್ರೆಯಲ್ಲಿ ರಿಂಗ್ ಎಸೆಯುವ ಆಟದವನಾದರೂ ಸಾಮಾನನ್ನು ಕಣ್ಣೆದುರು ಇಟ್ಟಿರುತ್ತಾನೆ.) ಯಾವ ವಸ್ತು ಸಿಗುವ ಸಾಧ್ಯತೆ ಶೇಕಡಾ ಎಷ್ಟು ಎಂಬುದನ್ನು ಖರೀದಿಗೆ ಮೊದಲೇ ತಿಳಿಸಬೇಕೆಂದು ಆಪಲ್ 2017ರಲ್ಲಿ, ಗೂಗಲ್ ಪ್ಲೇ 2019ರಲ್ಲಿ ನಿಯಮ ಮಾಡಿವೆ, ಅದನ್ನು ಹುಡುಕಿ ಓದಿರಿ.

ಸ್ಕಿನ್ ಬರೀ ಅಲಂಕಾರವಾದರೆ ಅದು ಅವರವರ ಖುಷಿ. ಆದರೆ ದುಡ್ಡು ಕೊಟ್ಟವನ ಬಂದೂಕಿಗೆ ಹೆಚ್ಚು ಬಲವಿದ್ದರೆ, ಅಥವಾ ವಾರಗಟ್ಟಲೆ ಒಂದೇ ಹಂತವನ್ನು ಆಡಿಸಿ, ಬೇಸರ ಬಂದ ಹೊತ್ತಿಗೆ ಸರಿಯಾಗಿ ‘ಈಗಲೇ ಕೊಳ್ಳಿ’ ಎಂಬ ಗುಂಡಿ ಎದ್ದು ಬರುತ್ತಿದ್ದರೆ, ಆ ಆಟವನ್ನು ಅಳಿಸಿಬಿಡುವುದೇ ಲೇಸು.

ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ದೃಢೀಕರಣ ಕೇಳುವಂತೆ ಹೊಂದಿಸಿರಿ. ಕೈತಪ್ಪಿ ಕೊಂಡಿದ್ದರೆ 48 ಗಂಟೆಯೊಳಗೆ ಅಲ್ಲಿಯೇ ಮರುಪಾವತಿ ಕೋರಬಹುದು.