ಕರಡಿಗೊಂದು ಹುತ್ತ ಕಟ್ಟಿ ಪ್ರಶಸ್ತಿಗೆ ಅರ್ಜಿ ಹಾಕಿದ್ದು: ನನ್ನ ಅನುಭವ

ಮೃಗಾಲಯವೊಂದರಲ್ಲಿ ನಾವು ಕಟ್ಟಿದ ಕರಡಿ ಆವರಣಕ್ಕೆ ಪ್ರಶಸ್ತಿ ಕೇಳಿ ಮೊದಲ ಸಲ ಅರ್ಜಿ ಹಾಕಿದಾಗ 28 ಫೋಟೋ ಕಳಿಸಿದ್ದೆವು. ಒಂದಕ್ಕಿಂತ ಒಂದು ಚೆಂದ. ಸಂಜೆ ಬಿಸಿಲಿಗೆ ಕೆಂಪಗೆ ಹೊಳೆಯುವ ಬಂಡೆ, ಬಂಡೆ ಸಂದಿಯಲ್ಲಿ ಹುಲ್ಲು, ಗಾಜಿಗೆ ಮೂಗು ಒತ್ತಿ ನಿಂತ ಮಕ್ಕಳು. ಕರಡಿ ಕಾಣಿಸುತ್ತಿದ್ದದ್ದು ಆರು ಫೋಟೋಗಳಲ್ಲಿ. ಅದರಲ್ಲೂ ನಾಲ್ಕರಲ್ಲಿ ಮಲಗಿತ್ತು. ಈ ಲೆಕ್ಕ ನಾನು ಹಾಕಿದ್ದು ಪ್ರಶಸ್ತಿ ಕೈತಪ್ಪಿದ ಮೇಲೆ.

ತೀರ್ಪುಗಾರರಿಂದ ಬಂದ ಟಿಪ್ಪಣಿ ಚಿಕ್ಕದು. ಕಟ್ಟಿದ ಕೆಲಸ ಚೆನ್ನಾಗಿದೆ, ಆದರೆ ಇಲ್ಲಿಗೆ ಬಂದ ಮೇಲೆ ಕರಡಿಗಳ ದಿನಚರಿಯಲ್ಲಿ ಏನು ಬದಲಾಯಿತು ಅನ್ನೋದು ಅರ್ಜಿಯಿಂದ ತಿಳಿಯಲಿಲ್ಲ ಎಂದಿತ್ತು. ಅವತ್ತು ರಾತ್ರಿ ನಿದ್ದೆ ಹತ್ತಲಿಲ್ಲ. ಅವರ ಪ್ರಶ್ನೆ ಸರಿಯಾಗಿತ್ತು. ನನ್ನ ಹತ್ತಿರ ಉತ್ತರ ಇರಲಿಲ್ಲ.

ನಾನು ಹೊಸಪೇಟೆ ಕಡೆಯವಳು. ಓದಿದ್ದು ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್. ಹನ್ನೊಂದು ವರ್ಷದಿಂದ ಅಮೆರಿಕದಲ್ಲಿದ್ದೇನೆ. ಮೃಗಾಲಯಗಳಿಗೆ ಪ್ರಾಣಿಗಳ ಆವರಣ ವಿನ್ಯಾಸ ಮಾಡಿಕೊಡುವ ಸಣ್ಣ ಆಫೀಸೊಂದರಲ್ಲಿ ಕೆಲಸ. ಊರಿಗೆ ಬಂದಾಗಲೆಲ್ಲ ಯಾರಾದರೂ ಕೇಳುತ್ತಾರೆ, "ಬೋನು ಕಟ್ಟೋದಕ್ಕೂ ಪ್ರಶಸ್ತಿ ಕೊಡ್ತಾರೇನಮ್ಮಾ?" ಅಂತ. ಕೊಡ್ತಾರೆ. ಅಮೆರಿಕದ ಮೃಗಾಲಯ ಮತ್ತು ಅಕ್ವೇರಿಯಂಗಳ ಸಂಘ, ಅಂದರೆ ಎಝಡ್‌ಎ, ಒಳ್ಳೆಯ ಆವರಣಗಳಿಗೆ ಬಹಳ ವರ್ಷಗಳಿಂದ ಎಕ್ಸಿಬಿಟ್ ಅವಾರ್ಡ್ ಕೊಡುತ್ತಾ ಬಂದಿದೆ. ಬ್ರಿಟನ್ ಮತ್ತು ಐರ್ಲೆಂಡಿನ ಮೃಗಾಲಯಗಳ ಸಂಘದ ಪ್ರಶಸ್ತಿಗಳಲ್ಲೂ ಇದಕ್ಕೆ ಜಾಗ ಇದೆ. ನಾವು ಅರ್ಜಿ ಹಾಕಿದ್ದು ಇವಕ್ಕಿಂತ ಚಿಕ್ಕದೊಂದು ಪ್ರಶಸ್ತಿಗೆ. ಅದರ ಹೆಸರು ಇಲ್ಲಿ ಬೇಡ.

ಆರ್ಕಿಟೆಕ್ಟರು ತಮ್ಮತಮ್ಮೊಳಗೆ ಕೊಟ್ಟುಕೊಳ್ಳುವ ಪ್ರಶಸ್ತಿ ಇದ್ದೇ ಇದೆಯಲ್ಲ, ಮೃಗಾಲಯದವರಿಗೆ ಬೇರೆ ಯಾಕೆ ಬೇಕು? ಲಂಡನ್ ಜೂನ ಪೆಂಗ್ವಿನ್ ಕೊಳ ನೋಡಿದರೆ ಗೊತ್ತಾಗುತ್ತದೆ. 1934ರಲ್ಲಿ ಆರ್ಕಿಟೆಕ್ಟ್ ಲುಬೆಟ್ಕಿನ್ ಮತ್ತು ಅವರ ಟೆಕ್ಟನ್ ಬಳಗ ಕಟ್ಟಿದ್ದು. ಬಿಳಿ ಕಾಂಕ್ರೀಟಿನ ಎರಡು ಇಳಿಜಾರು ದಾರಿಗಳು ಕೊಳದ ಮೇಲೆ ಒಂದನ್ನೊಂದು ಸುತ್ತಿಕೊಂಡು ಇಳಿಯುತ್ತವೆ. ಕೆಳಗೆ ಒಂದು ಕಂಬವೂ ಇಲ್ಲ. ಕಾಲೇಜಿನಲ್ಲಿ ಅದರ ಚಿತ್ರ ನನ್ನ ಟೇಬಲ್ ಮುಂದೆ ಅಂಟಿಸಿಕೊಂಡಿದ್ದೆ. ಇಂಗ್ಲೆಂಡಿನಲ್ಲಿ ಅದು ಮೊದಲ ದರ್ಜೆಯ ಪಾರಂಪರಿಕ ಕಟ್ಟಡ. ಆದರೆ ಆ ಕಾಂಕ್ರೀಟಿನ ಮೇಲೆ ಓಡಾಡಿ ಪೆಂಗ್ವಿನ್‌ಗಳ ಪಾದಕ್ಕೆ ತೊಂದರೆಯಾಯಿತು. 2004ರಲ್ಲಿ ಅವನ್ನು ಬೇರೆ ಕಡೆಗೆ ಸಾಗಿಸಿದರು. ಕೊಳ ಈಗಲೂ ಇದೆ, ಪೆಂಗ್ವಿನ್ ಇಲ್ಲ. ನನಗೆ ಈಗಲೂ ಆ ಕಟ್ಟಡ ಇಷ್ಟ. ಅದೇ ನನಗೆ ಹೆದರಿಕೆ ಕೂಡ.

ಇನ್ನೊಂದು ಕಡೆ ಸಿಯಾಟಲ್‌ನ ವುಡ್‌ಲ್ಯಾಂಡ್ ಪಾರ್ಕ್ ಜೂ. 1979ರಲ್ಲಿ ಅಲ್ಲಿ ಗೊರಿಲ್ಲಾಗಳಿಗೆ ಮಣ್ಣು, ಹುಲ್ಲು, ನಿಜವಾದ ಮರಗಳಿರುವ ಜಾಗ ತೆರೆದರು. ಡೇವಿಡ್ ಹ್ಯಾನ್‌ಕಾಕ್ಸ್ ಆಗ ಅಲ್ಲಿನ ನಿರ್ದೇಶಕರು, ವಿನ್ಯಾಸ ಜೋನ್ಸ್ ಅಂಡ್ ಜೋನ್ಸ್ ಸಂಸ್ಥೆಯದು. ನೋಡಲು ಬಂದವರೂ ಪ್ರಾಣಿಯ ಕಾಡಿನೊಳಗೇ ನಿಂತ ಹಾಗೆ ಅನಿಸಬೇಕು ಅನ್ನೋದು ಅವರ ಯೋಚನೆ. ನಾನು ಮೊದಲ ಸಲ ಹೋದಾಗ ಮಳೆ ಬರುತ್ತಿತ್ತು. ಒಂದು ಗೊರಿಲ್ಲಾ ಎಲೆಗಳ ಸೊಪ್ಪನ್ನು ತಲೆ ಮೇಲೆ ಹಿಡಿದು ಕೂತಿತ್ತು. ಅಲ್ಲಿ ಕಟ್ಟಡ ಎಲ್ಲಿದೆ ಅಂತ ಹುಡುಕಬೇಕಾಯಿತು.

ನಮ್ಮದು ಸ್ಲಾತ್ ಬೇರ್ ಆವರಣ, ಅಂದರೆ ನಮ್ಮೂರಿನ ಕರಡಿ. ಆ ಕೆಲಸ ಆಫೀಸಿಗೆ ಬಂದ ದಿನ ನಾನೇ ಮಾಡ್ತೀನಿ ಅಂತ ಹಟ ಹಿಡಿದೆ. ನಮ್ಮೂರ ಹತ್ತಿರದ ದರೋಜಿ ಕರಡಿಧಾಮ ಆಗಿದ್ದು 1994ರಲ್ಲಿ. ಚಿಕ್ಕಪ್ಪ ನನ್ನನ್ನು ಸ್ಕೂಟರಿನಲ್ಲಿ ಕರೆದುಕೊಂಡು ಹೋಗುತ್ತಿದ್ದರು. ಕರಡಿಕಲ್ಲು ಗುಡ್ಡದ ಎದುರಿನ ವಾಚ್ ಟವರ್ ಮೇಲೆ ಕೂತು ಕಾಯುವುದು. ಅರಣ್ಯ ಸಿಬ್ಬಂದಿ ಬಂಡೆಗಳ ಮೇಲೆ ಬೆಲ್ಲ, ಜೇನು ಹಾಕಿದ ಪಾಕ ಬಳಿದು ಬರುತ್ತಿದ್ದರು. ಬಿಸಿಲು ಇಳಿದ ಮೇಲೆ ಗುಡ್ಡದ ಸಂದಿಯಿಂದ ಕಪ್ಪು ಗುಪ್ಪೆಯೊಂದು ಹೊರಗೆ ಬರುತ್ತಿತ್ತು. ಬೆನ್ನ ಮೇಲೆ ಮರಿಗಳಿದ್ದರೆ ಚಿಕ್ಕಪ್ಪ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದರು.

ವಿನ್ಯಾಸಕ್ಕೆ ಮೊದಲು ನಾನು ಮತ್ತೆ ದರೋಜಿಗೆ ಹೋಗಿ ಬಂಡೆಗಳ ಅಳತೆ, ಫೋಟೋ ತಂದೆ. ಎರಡು ಬಂಡೆಗಳ ನಡುವೆ ಎಷ್ಟು ಸಂದಿ ಇದ್ದರೆ ಕರಡಿ ನುಗ್ಗುತ್ತದೆ, ಯಾವ ಮುಖಕ್ಕೆ ನೆರಳು ಬೀಳುತ್ತದೆ ಅಂತ ನೋಡಿಕೊಂಡೆ. ನಮ್ಮ ಆವರಣದ ಬಂಡೆ ನಕಲಿ. ಕಬ್ಬಿಣದ ಸರಳಿನ ಗೂಡು ಕಟ್ಟಿ, ಅದರ ಮೇಲೆ ಸಿಮೆಂಟನ್ನು ಪೈಪಿನಿಂದ ರಭಸವಾಗಿ ಎರಚಿ, ಹಸಿ ಇರುವಾಗಲೇ ಕೆತ್ತಿ, ಬಣ್ಣ ಹಚ್ಚುತ್ತಾರೆ. ಕೆತ್ತುವವರಿಗೆ ನನ್ನೂರಿನ ಬಂಡೆಗಳ ಫೋಟೋ ತೋರಿಸುತ್ತಾ ನಿಂತಿದ್ದೆ. "ಇಲ್ಲಿ ಇನ್ನೂ ಸ್ವಲ್ಪ ದುಂಡಗೆ ಬರಲಿ, ಗಾಳಿ ಮಳೆ ತಿಂದ ಹಾಗಿರಲಿ" ಅಂತ ಹೇಳಿ ಹೇಳಿ ಗಂಟಲು ಒಣಗಿತ್ತು.

ನನಗೆ ತುಂಬ ಇಷ್ಟವಾದ ಭಾಗ ಹುತ್ತ. ಈ ಕರಡಿಗೆ ಮೇಲಿನ ಮುಂದಿನ ಎರಡು ಹಲ್ಲು ಇರುವುದಿಲ್ಲ. ಆ ಸಂದಿಯಿಂದಲೇ ಅದು ಗೆದ್ದಲು ಹೀರುತ್ತದೆ. ಮೊದಲು ಜೋರಾಗಿ ಊದಿ ಮಣ್ಣು ಹಾರಿಸುತ್ತದೆ. ಆಮೇಲೆ ಮೂಗಿನ ಹೊಳ್ಳೆ ಮುಚ್ಚಿಕೊಂಡು, ತುಟಿ ಮುಂದಕ್ಕೆ ಚಾಚಿ, ಸೊರ್ ಅಂತ ಎಳೆಯುತ್ತದೆ. ಸದ್ದು ದೂರದವರೆಗೆ ಕೇಳುತ್ತದೆ. ನಾವು ಗಾಜಿನ ಗೋಡೆಗೆ ಒತ್ತಿಕೊಂಡ ಹಾಗೆ ಸಿಮೆಂಟಿನ ಹುತ್ತ ಕಟ್ಟಿದೆವು. ಅದರೊಳಗೆ ಏಳು ಸ್ಟೀಲ್ ಕೊಳವೆ. ಕರಡಿಗಳನ್ನು ನೋಡಿಕೊಳ್ಳುವ ಕೀಪರ್‌ಗಳು ಹಿಂದಿನಿಂದ ಯಾವುದಾದರೂ ಎರಡು ಮೂರಕ್ಕೆ ಮಾತ್ರ ಹುಳು ಹಾಕುತ್ತಾರೆ. ಇವತ್ತು ಯಾವುದರಲ್ಲಿದೆ ಅಂತ ಕರಡಿ ಹುಡುಕಲೇಬೇಕು. ಒಂದು ಕೊಳವೆಯ ಇನ್ನೊಂದು ತುದಿ ಜನರ ಕಡೆಗಿದೆ, ನಾದಸ್ವರದ ಬಾಯಿಯ ಹಾಗೆ ಅಗಲವಾಗಿ. ನಡುವೆ ತೆಳುವಾದ ಪೊರೆ. ಅದು ಪಶುವೈದ್ಯರ ಒತ್ತಾಯ. ಮನುಷ್ಯರ ಉಸಿರು ಕರಡಿಗೆ ತಾಗಬಾರದು ಅಂದರು. ಪೊರೆ ಹಾಕಿದರೆ ಸದ್ದು ಕೇಳುವುದಿಲ್ಲವೇನೋ ಅಂತ ನನಗೆ ಅಳುಕಿತ್ತು. ಕೇಳಿತು. ಕಿವಿ ಇಟ್ಟರೆ ನಿಮ್ಮ ಕಿವಿಯನ್ನೇ ಹೀರಿದ ಹಾಗಾಗುತ್ತದೆ.

ಇಷ್ಟೆಲ್ಲ ಇದ್ದೂ ಮೊದಲ ಅರ್ಜಿಯಲ್ಲಿ ಹುತ್ತಕ್ಕೆ ಸಿಕ್ಕಿದ್ದು ಒಂದೇ ಪ್ಯಾರಾ. ಉಳಿದದ್ದೆಲ್ಲ ಬಂಡೆಯ ವರ್ಣನೆ.

ತೀರ್ಪು ಹೇಗೆ ಕೊಡುತ್ತಾರೆ ಅನ್ನೋದು ನನಗೆ ಸರಿಯಾಗಿ ಅರ್ಥವಾಗಿದ್ದು ಆಮೇಲೆ. ನಾವು ಹಾಕಿದ ಪ್ರಶಸ್ತಿಗೆ ತೀರ್ಪುಗಾರರು ಸ್ಥಳಕ್ಕೆ ಬರುವುದಿಲ್ಲ. ಅರ್ಜಿ, ನಕ್ಷೆ, ಫೋಟೋ, ಚಿಕ್ಕ ವಿಡಿಯೊ, ಇಷ್ಟೇ ಅವರ ಮುಂದಿರುವುದು. ಅವರೆಲ್ಲ ಮೃಗಾಲಯದಲ್ಲೇ ಕೆಲಸ ಮಾಡಿದವರು. ಒಬ್ಬರು ಪಶುವೈದ್ಯರಾದರೆ ಇನ್ನೊಬ್ಬರು ಶಿಕ್ಷಣ ವಿಭಾಗದವರು, ಮತ್ತೊಬ್ಬರು ಇಪ್ಪತ್ತು ವರ್ಷ ಕೀಪರ್ ಆಗಿದ್ದವರು. ಅಂಥವರು ನಕ್ಷೆ ನೋಡುವ ರೀತಿಯೇ ಬೇರೆ. ನಾವು ಮುಂದಿನ ಗಾಜು ತೋರಿಸಿದರೆ ಅವರ ಕಣ್ಣು ಹಿಂದಿನ ಬಾಗಿಲಿಗೆ ಹೋಗುತ್ತದೆ. ಕರಡಿಯನ್ನು ಒಳಗೆ ಕರೆದು ಜಾರುಬಾಗಿಲು ಹಾಕುವಾಗ ಕೀಪರ್‌ಗೆ ಅದರ ಮೈ ಪೂರ್ತಿ ಕಾಣುತ್ತದಾ? ಒಂದು ಕರಡಿಗೆ ಇನ್ನೊಂದರ ಸಹವಾಸ ಬೇಡ ಅನಿಸಿದರೆ ತಪ್ಪಿಸಿಕೊಂಡು ಹೋಗಲು ಎರಡನೇ ದಾರಿ ಇದೆಯಾ? ನೆಲ ತೊಳೆದ ನೀರು ಎಲ್ಲಿಗೆ ಹರಿಯುತ್ತದೆ? ಗಾಲಿಕುರ್ಚಿಯಲ್ಲಿ ಬಂದ ಮಗುವಿಗೂ ಆ ಕೊಳವೆ ಎಟುಕುತ್ತದಾ? ಇಲ್ಲಿ ಕರಡಿ ನೋಡಿದವರಿಂದ ಕಾಡಿನ ಕರಡಿಗೆ ಏನು ಸಿಗುತ್ತದೆ? ಇವೆಲ್ಲ ಅರ್ಜಿಯಲ್ಲಿ ಬೇರೆ ಬೇರೆ ಹೆಸರಿನಲ್ಲಿ ಇದ್ದೇ ಇರುತ್ತವೆ. ನಾನು ಓದಿದ್ದೆ, ಆದರೆ ಭರ್ತಿ ಮಾಡಬೇಕಾದ ಖಾನೆ ಅಂದುಕೊಂಡು ಓದಿದ್ದೆ.

ಮತ್ತೆ ಹಾಕಲು ಅವಕಾಶ ಇತ್ತು. ಆ ವರ್ಷ ಪೂರ್ತಿ ಕರಡಿಗಳನ್ನು ನೋಡುವುದೇ ಕೆಲಸ ಮಾಡಿಕೊಂಡೆವು. ಮೊದಲು ಕರಡಿ ಮಾಡುವ ಕೆಲಸಗಳ ಒಂದು ಪಟ್ಟಿ ತಯಾರಾಯಿತು. ನಡೆಯುವುದು, ಅಗೆಯುವುದು, ಹೀರುವುದು, ಹತ್ತುವುದು, ಮಲಗುವುದು, ಬೇಸರಕ್ಕೋ ಒತ್ತಡಕ್ಕೋ ಸುಮ್ಮನೆ ಶತಪಥ ಹಾಕುವುದು. ಕೈಯಲ್ಲಿ ಗಡಿಯಾರ. ಐದೈದು ನಿಮಿಷಕ್ಕೊಮ್ಮೆ ತಲೆ ಎತ್ತಿ ನೋಡಿ, ಆ ಕ್ಷಣದಲ್ಲಿ ಯಾವ ಕರಡಿ ಎಲ್ಲಿದೆ, ಏನು ಮಾಡುತ್ತಿದೆ ಅಂತ ಗುರುತು ಹಾಕುವುದು. ಇದಕ್ಕೆ ದೊಡ್ಡ ಯಂತ್ರ ಏನೂ ಬೇಡ. ತಾಳ್ಮೆ ಬೇಕು, ಚಳಿಗಾಲದಲ್ಲಿ ದಪ್ಪ ಕಾಲುಚೀಲ ಬೇಕು. ಕೆಲವು ದಿನ ನಾನೇ ಕೂತೆ, ಉಳಿದ ದಿನ ಸ್ವಯಂಸೇವಕರು ಕೂತರು. ಒಂದೇ ಹೊತ್ತಿನಲ್ಲಿ ನೋಡಿದರೆ ಸಾಲದು. ಬೆಳಗ್ಗೆ, ಮಧ್ಯಾಹ್ನ, ಬಾಗಿಲು ಮುಚ್ಚುವ ಹೊತ್ತು, ರಜೆ ದಿನದ ಗದ್ದಲ, ಎಲ್ಲವೂ ಲೆಕ್ಕಕ್ಕೆ ಬರಬೇಕು.

ಅಲ್ಲೇ ದೊಡ್ಡ ತೊಡಕು ಎದುರಾಯಿತು. ಈಗ ಹೀಗಿದೆ ಅನ್ನಬಹುದು, ಮೊದಲು ಹೇಗಿತ್ತು? ಹಳೆ ಆವರಣ ಒಡೆದು ಹಾಕಿಯಾಗಿತ್ತು. ಆಗ ಯಾರೂ ಹೀಗೆ ಕೂತು ನೋಡಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ.

ಕೈಹಿಡಿದದ್ದು ನಿವೃತ್ತಿ ಆಗಿದ್ದ ಕೀಪರ್ ಒಬ್ಬರು. ಅವರು ತಮ್ಮ ಮನೆಯ ಗ್ಯಾರೇಜಿನಿಂದ ಹದಿನಾಲ್ಕು ನೋಟ್‌ಬುಕ್ ತಂದು ನನ್ನ ಮುಂದಿಟ್ಟರು. ದಿನದಿನದ ಬರಹ. ಏನು ತಿಂದಿತು, ಎಷ್ಟು ಬಿಟ್ಟಿತು, ಔಷಧಿ. ನಡುನಡುವೆ ಹೆಣ್ಣು ಕರಡಿ ತಾರಾ ಬಗ್ಗೆ ಒಂದೇ ಮಾತು ಮತ್ತೆ ಮತ್ತೆ: "ಬಾಗಿಲ ಹತ್ತಿರ ಸುತ್ತುತ್ತಿದ್ದಾಳೆ, 10ರಿಂದ 11.30." ಮರುದಿನ ಮತ್ತೆ ಅದೇ. ಮುಂದಿನ ವಾರವೂ ಅದೇ. ಒಂದು ಪುಟದಲ್ಲಿ ಪೆನ್ಸಿಲ್‌ನಲ್ಲಿ ಒತ್ತಿ ಬರೆದಿದ್ದರು, "ನಾನು ಇದಕ್ಕೆ ಏನೂ ಮಾಡಲಾಗುತ್ತಿಲ್ಲ." ಆ ಪುಟ ನೋಡಿ ನನಗೆ ಗಂಟಲು ಕಟ್ಟಿತು. ನಾವು ಕಟ್ಟುವ ಪ್ರತಿಯೊಂದು ಗೋಡೆ ಹಿಂದೆ ಇಂಥ ಒಬ್ಬರು ಇರುತ್ತಾರೆ, ಅಲ್ವಾ?

ಹೊಸ ಜಾಗದಲ್ಲಿ ತಾರಾ ಶತಪಥ ಪೂರ್ತಿ ನಿಂತಿಲ್ಲ. ಅಂಟಿಕೊಂಡ ಅಭ್ಯಾಸ ಅಷ್ಟು ಬೇಗ ಬಿಡುವುದಿಲ್ಲ. ಆದರೆ ನೋಟ್‌ಬುಕ್ಕಿನಲ್ಲಿ ಹೆಚ್ಚುಕಡಿಮೆ ದಿನಾ ಕಾಣುತ್ತಿದ್ದದ್ದು ನಮ್ಮ ಹಾಳೆಗಳಲ್ಲಿ ಆಗೊಮ್ಮೆ ಈಗೊಮ್ಮೆ ಕಂಡಿತು. ಬೆಳಗಿನ ಆ ಹೊತ್ತಿನಲ್ಲಿ ಅವಳು ಜಾಸ್ತಿ ಇದ್ದದ್ದು ಹುತ್ತದ ಹತ್ತಿರ. ಎರಡನೇ ಅರ್ಜಿಯಲ್ಲಿ ನಾವು ಇದ್ದದ್ದನ್ನು ಇದ್ದ ಹಾಗೆ ಬರೆದೆವು. ಪೂರ್ತಿ ನಿಂತಿಲ್ಲ ಅಂತಲೂ ಬರೆದೆವು. ನೋಟ್‌ಬುಕ್ಕಿನ ಆ ಒಂದು ಪುಟದ ಫೋಟೋವನ್ನು ಅವರ ಅನುಮತಿ ಪಡೆದು ಸೇರಿಸಿದೆವು.

ಚರಂಡಿಯ ವಿಷಯವನ್ನೂ ಬರೆದೆವು. ಅದು ನನ್ನದೇ ತಪ್ಪು. ಹುತ್ತದ ಬುಡದಲ್ಲಿ ನೀರು ಹೋಗಲು ಇಟ್ಟ ಜಾಲರಿಯ ಕಣ್ಣು ಸಣ್ಣದಾಯಿತು. ಎಲೆ, ಕೂದಲು, ಜೇನು ಸೇರಿ ಅಂಟಾಗಿ ಕಟ್ಟಿಕೊಳ್ಳುತ್ತಿತ್ತು. ಕೀಪರ್‌ಗಳು ಆರು ತಿಂಗಳು ದಿನಾ ಬೆಳಗ್ಗೆ ಮಂಡಿಯೂರಿ ಕೈಯಿಂದ ತೆಗೆದಿದ್ದಾರೆ. ಯಾರೂ ನನಗೆ ದೂರಲಿಲ್ಲ, ನಾನು ಬಂದು ಕೂತಿದ್ದಾಗ ಕಣ್ಣಾರೆ ಕಂಡೆ. ಜಾಲರಿ ಬದಲಾಯಿಸಿ, ನೆಲದ ಇಳಿಜಾರು ಒಂದಿಷ್ಟು ಹೆಚ್ಚಿಸಿದೆವು. ಆಫೀಸಿನಲ್ಲಿ ಒಬ್ಬರು ಇದನ್ನು ಅರ್ಜಿಯಲ್ಲಿ ಹಾಕಬೇಡ ಅಂದರು. ಹಾಕಿದೆ. ಈ ಅರ್ಜಿ ಓದುವವರು ನಾಳೆ ತಾವೂ ಒಂದು ಹುತ್ತ ಕಟ್ಟಬಹುದು. ಅವರ ಕೀಪರ್ ಮಂಡಿಯೂರಬಾರದು.

ವಿಡಿಯೊದಲ್ಲಿ ಸಂಗೀತ ಹಾಕಲಿಲ್ಲ. ಶುರುವಿನ 40 ಸೆಕೆಂಡ್ ಬರೀ ಹೀರುವ ಸದ್ದು, ಕೊಳವೆಗೆ ಕಿವಿ ಇಟ್ಟ ಒಬ್ಬ ಹುಡುಗನ ಮುಖ.

ಎರಡನೇ ಸ್ಥಾನ ಬಂತು. ಮೊದಲನೆಯದು ಬಂದಿದ್ದು ತುಂಬ ಚಿಕ್ಕ ಮೃಗಾಲಯವೊಂದರ ಕಪ್ಪೆ ಕೋಣೆಗೆ. ಅವರ ಅರ್ಜಿಯನ್ನು ಆಮೇಲೆ ಕೇಳಿ ತರಿಸಿಕೊಂಡು ಓದಿದೆ. ಹಳೆ ಟಿಕೆಟ್ ಕೌಂಟರನ್ನು ಸರಿಮಾಡಿಕೊಂಡಿದ್ದರು. ದುಡ್ಡು ನಮ್ಮ ಒಂದು ಬಂಡೆಗೆ ಆದಷ್ಟೂ ಆಗಿರಲಿಕ್ಕಿಲ್ಲ. ಆದರೆ ಕಪ್ಪೆ ಅಲ್ಲಿ ಮೊಟ್ಟೆ ಇಟ್ಟಿತ್ತು, ಮರಿಗಳು ಮರಳಿ ತಮ್ಮ ಹಳ್ಳಕ್ಕೆ ಹೋಗಿದ್ದವು, ಪ್ರತಿ ಹಂತವೂ ದಾಖಲಾಗಿತ್ತು. ತೀರ್ಪು ನ್ಯಾಯವಾಗಿತ್ತು. ನಾನು ತೀರ್ಪುಗಾರಳಾಗಿದ್ದರೂ ಅದಕ್ಕೇ ಕೊಡುತ್ತಿದ್ದೆ.

ನಮ್ಮ ದೇಶದಲ್ಲಿ ಒಂದೊಂದೇ ಆವರಣದ ಬದಲು ಇಡೀ ಮೃಗಾಲಯವನ್ನು ತೂಗಿ ನೋಡುವ ಕೆಲಸ ನಡೆದಿದೆ. ಕೇಂದ್ರ ಮೃಗಾಲಯ ಪ್ರಾಧಿಕಾರ 2022ರಲ್ಲಿ ದೇಶದ ದೊಡ್ಡ, ಮಧ್ಯಮ ಮೃಗಾಲಯಗಳ ನಿರ್ವಹಣೆಗೆ ಅಂಕ ಕೊಟ್ಟಿತು. ಡಾರ್ಜಿಲಿಂಗ್ ಮೊದಲು, ಚೆನ್ನೈನ ವಂಡಲೂರು ಎರಡು, ನಮ್ಮ ಮೈಸೂರು ಮೂರು. 1892ರಲ್ಲಿ ಶುರುವಾದ ಮೈಸೂರು ಜೂ ಆ ಪಟ್ಟಿಯಲ್ಲಿ ಅಷ್ಟು ಮೇಲಿರುವುದು ನೋಡಿ ಖುಷಿಯಾಯಿತು. ಅಲ್ಲಿನ ಕೀಪರ್‌ಗಳಿಗೂ ತಮ್ಮ ಒಂದು ಆವರಣದ ಕಥೆ ಹೇಳಿಕೊಳ್ಳುವ ಪ್ರಶಸ್ತಿ ಇದ್ದರೆ ಎಷ್ಟು ಚೆನ್ನ ಅಂತಲೂ ಅನಿಸಿತು. ಅವರ ಹತ್ತಿರ ಎಷ್ಟು ನೋಟ್‌ಬುಕ್ ಇರಬಹುದು!

ಈಗ ಕೆಂಪು ಪಾಂಡಾ ಆವರಣದ ಕೆಲಸ ಕೈಯಲ್ಲಿದೆ. ಇನ್ನೂ ಒಂದು ಗೆರೆ ಎಳೆದಿಲ್ಲ. ಹೋದ ತಿಂಗಳಿಂದ ಹಳೆ ಪಂಜರದ ಮುಂದೆ ಮಡಚುಕುರ್ಚಿ ಹಾಕಿಕೊಂಡು ಕೂರುತ್ತಿದ್ದೇನೆ. ಐದು ನಿಮಿಷಕ್ಕೊಂದು ಗುರುತು. ಕೀಪರ್ ಹುಡುಗಿ ಮೊದಲ ದಿನ ಯಾಕೆ ಅಂತ ಕೇಳಿದಳು. ಈಗ ಅವಳೇ ಹಾಳೆ ಹಿಡಿದು ನನಗಿಂತ ಮೊದಲು ಬಂದಿರುತ್ತಾಳೆ.