ಬಡಿದಷ್ಟೂ ಗಟ್ಟಿಯಾಗುವ ತಾಮ್ರ: ನನ್ನ ಅನುಭವ

ನಾನು ಮಾಡಿದ ಮೊದಲ ತಾಮ್ರದ ಬಟ್ಟಲು ಅಂಚಿನಲ್ಲಿ ಸೀಳಿತು. 1 ಮಿಲಿಮೀಟರ್ ದಪ್ಪದ ತಗಡು, ಮರದ ದಿಮ್ಮಿಯಲ್ಲಿ ತೋಡಿದ ಗುಳಿ, ದುಂಡು ಮೂತಿಯ ಸುತ್ತಿಗೆ. ಮೊದಲ ಎರಡು ಸುತ್ತು ತಗಡು ಹೇಳಿದಂತೆ ಕೇಳಿತು. ಮೂರನೆಯದರಲ್ಲಿ ಸುತ್ತಿಗೆ ಹಿಂದಕ್ಕೆ ಚಿಮ್ಮತೊಡಗಿತು, ‘ದಬ್’ ಎನ್ನುತ್ತಿದ್ದ ಸದ್ದು ‘ಠಣ್’ ಎಂದಿತು. ಅಲ್ಲಿಗೇ ನಿಲ್ಲಿಸಬೇಕಿತ್ತು. ನಾನು ಇನ್ನೂ ಜೋರಾಗಿ ಬಡಿದೆ.

ಓದಿದ್ದು ಲೋಹಶಾಸ್ತ್ರವೇ. ಲೋಹದ ಹರಳಿನ ಜೋಡಣೆಯಲ್ಲಿನ ದೋಷವಾದ ಡಿಸ್‌ಲೊಕೇಶನ್ ಬಗ್ಗೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದಿದ್ದೆ. ಅದು ಕೈಗೆ ತಿಳಿದದ್ದು ಮಾತ್ರ ಆ ದಿನ.

ಲೋಹದ ಹರಳಿನಲ್ಲಿ, ಅಂದರೆ ಪರಮಾಣುಗಳು ಸಾಲುಸಾಲಾಗಿ ಕೂತ ಜೋಡಣೆಯಲ್ಲಿ, ಒಂದು ಪದರ ಇನ್ನೊಂದರ ಮೇಲೆ ಒಮ್ಮೆಲೇ ಇಡಿಯಾಗಿ ಜಾರಬೇಕಾದರೆ ಎಷ್ಟು ಒತ್ತಡ ಬೇಕೆಂದು 1926ರಲ್ಲಿ ಭೌತವಿಜ್ಞಾನಿ ಫ್ರೆಂಕೆಲ್ ಲೆಕ್ಕ ಹಾಕಿದ್ದರು. ತಾಮ್ರಕ್ಕೆ ಅದು ಸಾವಿರಾರು ಮೆಗಾಪ್ಯಾಸ್ಕಲ್ ಆಗುತ್ತದೆ. ಆದರೆ ಶುದ್ಧ ತಾಮ್ರದ ಒಂಟಿ ಹರಳು 1 ಮೆಗಾಪ್ಯಾಸ್ಕಲ್ ಆಸುಪಾಸಿನಲ್ಲೇ ಜಾರಿಬಿಡುತ್ತದೆ. ಯಾಕೆಂದು 1934ರಲ್ಲಿ ಟೇಲರ್, ಒರೊವಾನ್, ಪೊಲಾನ್ಯಿ ಎಂಬ ಮೂವರು ವಿಜ್ಞಾನಿಗಳು ಬೇರೆಬೇರೆಯಾಗಿ ಹೇಳಿದರು: ಪದರ ಇಡಿಯಾಗಿ ಜಾರುವುದಿಲ್ಲ. ಅರ್ಧಕ್ಕೇ ನಿಂತ ಸಾಲೊಂದರ ಅಂಚು ಒಂದು ಬಂಧ ಬಿಡಿಸಿ ಪಕ್ಕದ್ದನ್ನು ಕಟ್ಟಿಕೊಳ್ಳುತ್ತಾ ಸಾಗುತ್ತದೆ. ಆ ಅಂಚಿನ ಗೆರೆಯೇ ಡಿಸ್‌ಲೊಕೇಶನ್.

ಹಾಗಾದರೆ ಬಡಿದಾಗ ಗಟ್ಟಿಯಾಗುವುದೇಕೆ? ಬಡಿತ ಈ ಗೆರೆಗಳನ್ನು ಓಡಿಸುವುದಷ್ಟೇ ಅಲ್ಲ, ಹೊಸದನ್ನೂ ಹುಟ್ಟಿಸುತ್ತದೆ. ಹದವಾದ, ಅಂದರೆ ಕಾಯಿಸಿ ಮೆದುವಾಗಿಸಿದ, ತಾಮ್ರವನ್ನು ಕತ್ತರಿಸಿದರೆ ಆ ಮುಖದ ಒಂದು ಚದರ ಸೆಂಟಿಮೀಟರ್‌ನಲ್ಲಿ ಸುಮಾರು 1 ಕೋಟಿ ಗೆರೆಗಳು ಹಾಯ್ದಿರುತ್ತವೆ. ಚೆನ್ನಾಗಿ ಬಡಿದ ಮೇಲೆ 10 ಸಾವಿರ ಕೋಟಿ ದಾಟುತ್ತವೆ. ಒಂದಕ್ಕೊಂದು ಅಡ್ಡಬಂದು ನೂಲಿನಂತೆ ಸಿಕ್ಕಾಗುತ್ತವೆ, ಯಾವುದಕ್ಕೂ ದಾರಿ ಉಳಿಯುವುದಿಲ್ಲ. ಅವುಗಳ ಸಾಂದ್ರತೆ 4 ಪಟ್ಟಾದರೆ ಅವು ಒಡ್ಡುವ ತಡೆ 2 ಪಟ್ಟಾಗುತ್ತದೆ.

ಸೀಳಿದ ಬಟ್ಟಲಿನ ತುಂಡನ್ನು ಗಡಸುತನದ ಯಂತ್ರಕ್ಕೆ ಕೊಟ್ಟು ನೋಡಿದೆ. ಹೊಸ ತಗಡು ವಿಕರ್ಸ್ ಅಳತೆಯಲ್ಲಿ 50ರ ಹತ್ತಿರ, ಸೀಳಿನ ಪಕ್ಕ 110. ಒಂದೇ ಸುತ್ತು ಬಡಿದ ಇನ್ನೊಂದು ತುಂಡು ಆಗಲೇ 85 ಮುಟ್ಟಿತ್ತು. ಮೊದಲ ಏಟುಗಳೇ ಹೆಚ್ಚು ಗಡಸು ತರುತ್ತವೆ ಎಂಬುದನ್ನು ಆಮೇಲೆ ನಾನು ಮರೆತಿಲ್ಲ.

ಈಗ ಪ್ರತಿ ಸುತ್ತಿನ ನಂತರ, ಸದ್ದು ಬದಲಾಗುವ ಮೊದಲೇ, ತಗಡನ್ನು ಕಾಯಿಸುತ್ತೇನೆ. ದೀಪ ಆರಿಸಿ, ಕತ್ತಲಲ್ಲಷ್ಟೇ ಕಾಣುವ ಮಂದ ಕೆಂಪು ಬರುವವರೆಗೆ. ಆ ಶಾಖದಲ್ಲಿ ಹಳೆಯ ಸಿಕ್ಕಿನ ನಡುವೆ ಹೊಸ, ಶುಭ್ರ ಹರಳುಗಳು ಹುಟ್ಟಿ ಬೆಳೆದು ಸಿಕ್ಕನ್ನು ಅಳಿಸುತ್ತವೆ. ಆಮೇಲೆ ನೀರಿಗೆ ಅದ್ದಿದರೂ ಚಿಂತೆಯಿಲ್ಲ. ಉಕ್ಕಿನ ಹಾಗೆ ತಾಮ್ರ ಅದ್ದಿದ್ದರಿಂದ ಗಡಸಾಗದು, ಮೇಲಿನ ಕಪ್ಪು ಹೊಟ್ಟೂ ಉದುರುತ್ತದೆ. ಅತಿಯಾಗಿ ಕಾಯಿಸಬಾರದು. ಹರಳುಗಳು ದೊಡ್ಡವಾದರೆ ಮುಂದಿನ ಬಡಿತಕ್ಕೆ ಮೈ ಕಿತ್ತಳೆ ಸಿಪ್ಪೆಯಂತೆ ತರಿಯಾಗುತ್ತದೆ. ಅದನ್ನು ಉಜ್ಜಿ ತೆಗೆಯುವುದು ಬಲು ಕಷ್ಟ.

ಕಲಿಯಲು ಬರುವವರಿಗೆ ಮೊದಲು ಸುತ್ತಿಗೆ ಕೊಡುವುದಿಲ್ಲ. ಹದ ಮಾಡಿದ 6 ಮಿಲಿಮೀಟರ್ ತಾಮ್ರದ ಕಂಬಿ ಕೊಟ್ಟು ಬಗ್ಗಿಸಿ ಎನ್ನುತ್ತೇನೆ. ಸಲೀಸಾಗಿ ಬಗ್ಗುತ್ತದೆ. ಮತ್ತೆ ನೆಟ್ಟಗೆ ಮಾಡಿ ಎಂದರೆ ಬಗ್ಗಿದ ಜಾಗ ಜಗ್ಗದೆ ಪಕ್ಕದಲ್ಲಿ ಹೊಸ ಬಾಗು ಬೀಳುತ್ತದೆ. ಆಗ ಅವರ ಮುಖ ನೋಡುವುದು ನನಗೆ ಇಂದಿಗೂ ಇಷ್ಟ.

ಕೊನೆಯ ಸುತ್ತಿನಲ್ಲಿ ನಯವಾದ ಸುತ್ತಿಗೆಯಿಂದ ಇಡೀ ಮೈಯನ್ನು ಹಗುರವಾಗಿ ತಟ್ಟುತ್ತೇನೆ, ಆಮೇಲೆ ಕಾಯಿಸುವುದಿಲ್ಲ. ಆ ಸಿಕ್ಕು ಹಾಗೇ ಉಳಿಯಬೇಕು. ಇಲ್ಲದಿದ್ದರೆ ಬಟ್ಟಲು ಕೈಜಾರಿ ಬಿದ್ದಾಗ ತಗ್ಗು ಬೀಳುತ್ತದೆ.