ಹಾಲು ಏರಿತು, ಜಿಡ್ಡು ಇಳಿಯಿತು

ಆ ವರ್ಷ ನನ್ನ ಕೊಟ್ಟಿಗೆಯಲ್ಲಿ ಕರೆಯುವ ಮೇಕೆಗಳು ಎಂಟು. ಈದು ಮೂರು ವಾರ ಕಳೆದಿತ್ತು. ಈದ ನಾಲ್ಕರಿಂದ ಎಂಟನೆಯ ವಾರದೊಳಗೆ ಹಾಲು ತುದಿ ಮುಟ್ಟುತ್ತದೆ. ಅದನ್ನು ಕಳೆದುಕೊಳ್ಳಬಾರದೆಂಬ ಆಸೆ ನನಗೆ. ಒಂದೊಂದು ಮೇಕೆಗೆ ದಿನಕ್ಕೆ ಅರ್ಧ ಕಿಲೋ ಕೊಡುತ್ತಿದ್ದ ಮೆಕ್ಕೆಜೋಳ, ಹಿಂಡಿ, ಬೂಸಾದ ಮಿಶ್ರಣವನ್ನು ನಾಲ್ಕೇ ದಿನಗಳಲ್ಲಿ ಒಂದೂಕಾಲು ಕಿಲೋಗೆ ಏರಿಸಿದೆ.

ದಿನಕ್ಕೆ ತಲಾ ಎರಡು ಲೀಟರ್ ಕೊಡುತ್ತಿದ್ದವು ಎರಡೂವರೆ ಲೀಟರ್ ಕೊಟ್ಟವು. ಹತ್ತನೆಯ ದಿನ ಕೊಬ್ಬಿನಂಶ ಅಳೆದರೆ ಶೇ 3.9 ಇದ್ದದ್ದು ಶೇ 2.7ಕ್ಕೆ ಬಂದಿತ್ತು. ಕೂತು ಲೆಕ್ಕ ಹಾಕಿದೆ: ಒಂದು ಮೇಕೆಯಿಂದ ದಿನಕ್ಕೆ ಸುಮಾರು 80 ಗ್ರಾಂ ಸಿಗುತ್ತಿದ್ದ ಕೊಬ್ಬು 70ಕ್ಕೆ ಇಳಿದಿತ್ತು. ಅರ್ಧ ಲೀಟರ್ ಹೆಚ್ಚು ಕರೆದೂ ಜಿಡ್ಡು ಕಳೆದುಕೊಂಡಿದ್ದೆ.

ಕಾರಣ ಮೆಲುಕು ಹಾಕುವ ಹೊಟ್ಟೆಯಲ್ಲಿತ್ತು. ನಾರು ಹುದುಗಿದಾಗ ಅಲ್ಲಿ ಅಸಿಟಿಕ್ ಆಮ್ಲ ಹುಟ್ಟುತ್ತದೆ. ಕೆಚ್ಚಲು ಹಾಲಿನ ಕೊಬ್ಬಿನ ದೊಡ್ಡ ಪಾಲನ್ನು ಕಟ್ಟುವುದು ಅದರಿಂದ. ಕಾಳಿನ ಪಿಷ್ಟದಿಂದ ಪ್ರೊಪಿಯಾನಿಕ್ ಆಮ್ಲ ಹೆಚ್ಚುತ್ತದೆ. ಅದು ಗ್ಲೂಕೋಸ್ ಆಗಿ, ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಆಗುತ್ತದೆ. ಲ್ಯಾಕ್ಟೋಸ್ ನೀರನ್ನು ಸೆಳೆಯುವುದರಿಂದ ಪಾತ್ರೆ ತುಂಬುತ್ತದೆ. ಹೊಟ್ಟೆ ಹುಳಿಯಾದರೆ ನಾರು ಕರಗಿಸುವ ಸೂಕ್ಷ್ಮಜೀವಿಗಳು ಸೊರಗುತ್ತವೆ, ಕೊಬ್ಬು ಇನ್ನಷ್ಟು ಕುಸಿಯುತ್ತದೆ. ಗೋಲಿಯಂತೆ ಬೀಳುತ್ತಿದ್ದ ಹಿಕ್ಕೆ ಆ ದಿನಗಳಲ್ಲಿ ಮೆತ್ತಗೆ ಮುದ್ದೆಯಾಗಿತ್ತು, ಮಧ್ಯಾಹ್ನ ಮಲಗಿದ ಮೇಕೆಗಳು ಮೆಲುಕು ಹಾಕುವುದು ಕಡಿಮೆಯಾಗಿತ್ತು. ದಿನವೂ ಕಣ್ಣಿಗೆ ಬಿದ್ದದ್ದನ್ನು ನಾನು ಗಮನಿಸಲಿಲ್ಲವಲ್ಲ ಎಂಬ ನೋವು ಇಂದಿಗೂ ಇದೆ.

ಮಿಶ್ರಣವನ್ನು 800 ಗ್ರಾಮಿಗೆ ಇಳಿಸಿ ಮೂರು ಹೊತ್ತಿಗೆ ಹಂಚಿದೆ. ಪ್ರತಿ ಸಲವೂ ಮೊದಲು ಒಣಮೇವು, ಆಮೇಲೆ ಕಾಳು. ಒಣಮೇವನ್ನು ತೀರಾ ಸಣ್ಣಗೆ ಕತ್ತರಿಸುವುದನ್ನೂ ಬಿಟ್ಟೆ. ಉದ್ದ ನಾರಿದ್ದರೆ ಅಗಿತ ಹೆಚ್ಚು, ಜೊಲ್ಲು ಹೆಚ್ಚು, ಆ ಜೊಲ್ಲೇ ಹುಳಿಯನ್ನು ತಗ್ಗಿಸುತ್ತದೆ. ಮೂರು ವಾರಗಳಲ್ಲಿ ಹಾಲು ಎರಡೂಕಾಲು ಲೀಟರಿನಲ್ಲಿ ನಿಂತಿತು, ಕೊಬ್ಬು ಶೇ 3.7ಕ್ಕೆ ಮರಳಿತು. ಈಗ ಮೇವಿನಲ್ಲಿ ಯಾವುದೇ ಬದಲಾವಣೆಗೆ ಕನಿಷ್ಠ ಎರಡು ವಾರ ತೆಗೆದುಕೊಳ್ಳುತ್ತೇನೆ.

ಬೈಪಾಸ್ ಕೊಬ್ಬನ್ನು, ಅಂದರೆ ಮೆಲುಕು ಹಾಕುವ ಹೊಟ್ಟೆಯಲ್ಲಿ ಕರಗದೆ ಮುಂದೆ ಸಾಗುವ ಕೊಬ್ಬನ್ನು, ಹೆಚ್ಚು ಹಾಲಿನ ಎರಡು ಮೇಕೆಗಳಿಗೆ ಮಾತ್ರ, ಅವು ಸೊರಗಿದಾಗ ಕೊಡುತ್ತೇನೆ. ಅದರ ಬದಲು ಸಾಮಾನ್ಯ ಎಣ್ಣೆ ಸುರಿಯುವುದು ಸರಿಯಲ್ಲ, ಹೆಚ್ಚಾದರೆ ಅದೇ ಸೂಕ್ಷ್ಮಜೀವಿಗಳಿಗೆ ಪೆಟ್ಟು. ಖನಿಜ ಮಿಶ್ರಣ ಮೇಕೆಗಳದ್ದೇ ಆಗಿರಬೇಕು. ಕುರಿಗೆ ತಾಮ್ರ ಬೇಗ ವಿಷವಾಗುವುದರಿಂದ ಕುರಿಗಳ ಮಿಶ್ರಣಕ್ಕೆ ಸಾಮಾನ್ಯವಾಗಿ ತಾಮ್ರ ಸೇರಿಸುವುದಿಲ್ಲ, ಮೇಕೆಗೋ ತಾಮ್ರ ಬೇಕು.

ಒಮ್ಮೆ ಕಡಲೆಕಾಯಿ ಹಿಂಡಿಯ ಚೀಲದ ತಳದಲ್ಲಿ ಬೂಷ್ಟು ಕಂಡಿತು. ಮೇಲಿನ ಭಾಗ ಚೆನ್ನಾಗಿಯೇ ಇತ್ತು. ಬೂಷ್ಟಿನ ಅಫ್ಲಾಟಾಕ್ಸಿನ್ ಎಂಬ ವಿಷ ರೂಪ ಬದಲಿಸಿ ಹಾಲಿಗೂ ಇಳಿಯುತ್ತದೆ, ಕಾಯಿಸಿದರೂ ಹೋಗುವುದಿಲ್ಲ. ಇಡೀ ಚೀಲವನ್ನು ಮಣ್ಣಿನಲ್ಲಿ ಹೂತೆ.